ಈರಣ್ಣ ಕಾಕಾನ ಕಣ್ಣಿನ ಅಕ್ಷರ

ಈರಣ್ಣ ಕಾಕಾ ಬರೆದ ಅಕ್ಷರಗಳಿಗೆ ಕಣ್ಣುಗಳಿದ್ದವು. ಮಾತಿಗೆ ಹೇಳುತ್ತಿಲ್ಲ, ನಿಜವಾದ ಕಣ್ಣು. ಅಕ್ಷರ ಎಲ್ಲಿ ದುಂಡಗಾಗುತ್ತದೋ ಅಲ್ಲೊಂದು ಕಪ್ಪು ಗುಡ್ಡೆ, ಅದರೊಳಗೆ ಸಾಸಿವೆಯಷ್ಟು ಬಿಳಿ ಚುಕ್ಕೆ. ತಲೆಕಟ್ಟು ಹುರಿಮೀಸೆಯ ಹಾಗೆ ಮೇಲಕ್ಕೆ ತಿರುಗಿರುತ್ತಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನಲ್ಲಿ ಹಿಟ್ಟಿನ ಗಿರಣಿ, ಸೋಡಾ ಗಾಡಿ, ಬ್ಯಾಂಡ್ ಕಂಪನಿ, ಟ್ರ್ಯಾಕ್ಟರ್ ಟ್ರಾಲಿ ಎಲ್ಲದರ ಮೇಲೂ ಅದೇ ಅಕ್ಷರ. ಒಬ್ಬ ಡಾಕ್ಟರು ಮಾತ್ರ ಬರೆಸಿದ ಮೂರೇ ದಿನಕ್ಕೆ ಅಳಿಸಿಬಿಟ್ಟರು. ರೋಗಿಗಳು ಒಳಗೆ ಕಾಲಿಡುವ ಮೊದಲೇ ಬೋರ್ಡು ಅವರನ್ನು ಪರೀಕ್ಷೆ ಮಾಡುತ್ತಿತ್ತಂತೆ!

ಕಾಕಾ ಮಣ್ಣೂರಿನವರು. ಹೆಗಲಿಗೆ ಬಣ್ಣದ ಚೀಲ, ಕಿವಿಯ ಮೇಲೆ ಬ್ರಷ್, ಬಾಯಲ್ಲಿ ಎಲೆ ಅಡಿಕೆ. ಸೊಟ್ಟ ಗೆರೆ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಹೊರಟ ಬಸ್ಸನ್ನು ನಿಲ್ಲಿಸಿ, ಯಾರೋ ಬೇರೆ ಪೇಂಟರ್ ಬರೆದ ಬೋರ್ಡನ್ನು ತಿದ್ದಲು ಇಳಿದ ಮಹಾರಾಯರು. ಕೇಳಿದರೆ, "ಸೊಟ್ಟ ಗೆರಿ ಕಂಡ ದಿನ ನನಗ ರೊಟ್ಟಿ ಇಳಿಯಂಗಿಲ್ಲವ್ವಾ" ಅನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಬೋರ್ಡೆಲ್ಲ ಬರೆದು ಮುಗಿದರೂ ಕಣ್ಣು ಇಡುತ್ತಿರಲಿಲ್ಲ. ಹೆಸರಿನವರನ್ನು ಕರೆದು, "ಮಾಲಕ್ರ, ಮುಂದ ಬಂದು ನಿಂದರ್ರಿ. ಅಕ್ಷರ ಮೊದಲು ನಿಮ್ಮನ್ನ ನೋಡ್ಲಿ" ಎಂದು ಹೇಳಿ, ಆಮೇಲೆ ಚುಕ್ಕೆ ಇಡುತ್ತಿದ್ದರು. ಆ ಮನುಷ್ಯ ತೀರಿಕೊಂಡರೆ ಏಣಿ ತಂದು, ಆ ಹೆಸರಿನ ಕಣ್ಣಿಗೆ ಬಿಳಿ ಬಳಿದು, ಮೇಲೊಂದು ಬಾಗಿದ ಗೆರೆ ಎಳೆದು ಮುಚ್ಚುತ್ತಿದ್ದರು. ಕರೆಯುವವರೆಗೆ ಕಾಯುತ್ತಿರಲಿಲ್ಲ. ನಮಗೆ ಅಂಜಿಕೆ ಹುಟ್ಟಿಸಿದ್ದು ಇದೇ.

ಮಟಕಿ ನನ್ನ ತವರು. ಅಲ್ಲಿ ನಮ್ಮ ಮನೆಯ ಎದುರಿಗೆ ಗಿರಣಿ. ಗಿರಣಿಯ ಮಾಲಕ ಬಸವಂತಪ್ಪನವರನ್ನು ಸೊಲ್ಲಾಪುರದ ದವಾಖಾನೆಗೆ ಸೇರಿಸಿದ್ದರು. ಒಂದು ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದೆ. ತಲೆಯೆತ್ತಿದರೆ ಸುಡುವ ಬಿಸಿಲಲ್ಲಿ ಕಾಕಾ ಏಣಿಯ ಮೇಲಿದ್ದಾರೆ, ಬ್ರಷ್ಷು ಬಸವಂತಪ್ಪ ಎಂಬ ಹೆಸರಿನ ಮೇಲಿದೆ. ಹಿರಿಯ ಮಗ ಓಡಿಬಂದು ಏಣಿ ಅಲುಗಾಡಿಸಿದ.

"ನಮ್ಮಪ್ಪ ಇನ್ನಾ ಜೀವಂತ ಇದ್ದಾನ! ಯಾರು ಹೇಳ್ಯಾರ ನಿಂಗ ಕಣ್ಣ ಮುಚ್ಚಂತ?"

ಕಾಕಾ ಸಾವಕಾಶ ಇಳಿದರು. "ನಾ ಮುಚ್ಚಿಲ್ಲೋ ತಮ್ಮಾ. ತಾವಾಗೇ ಮುಚ್ಚಿದ್ವು. ಗೆರಿ ಸೊಟ್ಟ ಆಗಿತ್ತು, ತಿದ್ದಾಕ ಬಂದೇನಿ."

ಅವನು ಕೈಯೆತ್ತಿದ್ದ. ಅಷ್ಟರಲ್ಲಿ ಗಿರಣಿಯ ಒಳಗೆ ಫೋನು ಬಡಿದುಕೊಂಡಿತು, ಸೊಲ್ಲಾಪುರದ ದವಾಖಾನೆಯಿಂದ. ನನ್ನ ಕೈಯ ಮೊರದಲ್ಲಿದ್ದ ಜೋಳವೆಲ್ಲ ನೆಲದ ಪಾಲಾಯಿತು.

ಮದುವೆಯಾಗಿ ಅಫಜಲಪುರಕ್ಕೆ ಬಂದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ನಾನು ಫ್ಲೆಕ್ಸ್ ಅಂಗಡಿ ಹಾಕಿದೆ. ಅದರ ಬೋರ್ಡು ಬರೆದವರೂ ಕಾಕಾ; ಮೂಲೆಯಲ್ಲಿ ಸಣ್ಣಗೆ 'ಈರಣ್ಣ, ಮಣ್ಣೂರ' ಎಂಬ ಅವರ ಸಹಿ, ಅದಕ್ಕೂ ಒಂದೇ ಒಂದು ಕಣ್ಣು. ನನ್ನಂಥವರ ಮಷೀನು ಬಂದು ಅವರ ಕೆಲಸ ಹೋಯಿತು. ಪಾಪ ಕಳೆದುಕೊಳ್ಳುವ ಹಾಗೆ, ಅವರ ಅಕ್ಷರವನ್ನಾದರೂ ಕಂಪ್ಯೂಟರಿನಲ್ಲಿ ಉಳಿಸೋಣ ಅಂದುಕೊಂಡೆ. ಕಾಕಾ ಎರಡು ಕಟ್ಟು ಹಾಳೆ ಬರೆದುಕೊಟ್ಟರು. ಒಂದರಲ್ಲಿ ಕಣ್ಣು ತೆರೆದ ಅಕ್ಷರ, ಇನ್ನೊಂದರಲ್ಲಿ ಮುಚ್ಚಿದವು. ನಾನು ತೆರೆದವನ್ನಷ್ಟೇ ಫಾಂಟು ಮಾಡಿ, ಇನ್ನೊಂದು ಕಟ್ಟನ್ನು ಡ್ರಾವರಿಗೆ ತುರುಕಿದೆ. ಸತ್ತವರಿಗೆ ಬೇರೆ ಅಕ್ಷರ ಯಾರು ಕೇಳುತ್ತಾರೆ ಎಂಬ ಸೊಕ್ಕು. ಫಾಂಟು ಮೊಬೈಲಿನಿಂದ ಮೊಬೈಲಿಗೆ ಹಾರಿ ಮೂರೂ ತಾಲ್ಲೂಕಿನ ಫ್ಲೆಕ್ಸ್ ಅಂಗಡಿಗಳನ್ನು ಸೇರಿತು. ಹುಟ್ಟುಹಬ್ಬಕ್ಕೂ ಅದೇ, ಶ್ರದ್ಧಾಂಜಲಿಗೂ ಅದೇ.

ಒಂದು ದಿನ ಕೊಳಕೂರಿನ ಹೆಣ್ಣುಮಗಳೊಬ್ಬಳು ನಾನು ಮಾಡಿಕೊಟ್ಟಿದ್ದ ಶ್ರದ್ಧಾಂಜಲಿಯ ಬ್ಯಾನರನ್ನು ಸುರುಳಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟಳು. "ಅಕ್ಕಾರ, ಇದನ್ನ ನೀವೇ ಇಟ್ಕೋರಿ. ನಮ್ಮತ್ತಿ ಮಣ್ಣಾಗಿ ತಿಂಗಳಾತು. ಹೆಸರು ಇನ್ನಾ ನಮ್ಮ ಒಲಿ ಕಡೀನೇ ನೋಡಾಕತ್ತೈತಿ. ಗ್ವಾಡಿಗೆ ತಿರುವಿ ಇಟ್ರೂ ಮುಂಜಾನೆ ಇತ್ಲಾಗೇ ಹೊಳ್ಳಿರ್ತದ." ನಾನು ನಗಲು ನೋಡಿದೆ, ನಗು ಬರಲಿಲ್ಲ.

ಅದಾದ ವಾರಕ್ಕೆ ಕಾಕಾ ಬಂದರು. ಬಹಳ ಸೊರಗಿದ್ದರು. ಕೂರಲಿಲ್ಲ, ಚಹಾ ಬೇಡವೆಂದರು.

"ಕಣ್ಣ ಮುಚ್ಚಾಕ ಬರದ ಅಕ್ಷರ ಊರ ತುಂಬ ಬಿಟ್ಟೀಯಲ್ಲವ್ವಾ. ಎಷ್ಟಂತ ತಿರುಗ್ಲಿ ನಾ? ಬ್ಯಾನರ್ ಮ್ಯಾಲ ನನ್ನ ಬಣ್ಣ ನಿಂದ್ರಂಗಿಲ್ಲ." ಬೈದಿದ್ದರೆ ಸಹಿಸುತ್ತಿದ್ದೆ. ಅವರು ಬೇಡಿಕೊಂಡರು. "ಹಾಳಿ ಇನ್ನಾ ಅದಾವಿಲ್ಲ? ಮುಚ್ಚಿದ್ವೂ ಮಾಡಿ ಎಲ್ಲಾರಿಗೂ ಕಳಸು. ಮತ್ತ ನನ್ನ ಹೆಸರಿಂದು ನೀನೇ ಮುಚ್ಚಬೇಕು. ನನಗ ಬ್ಯಾರೇ ಯಾರದಾರ?"

ಹೂಂ ಎಂದೆ. ಮದುವೆಯ ಸೀಜನ್ನು, ನಾಳೆ ನಾಡಿದ್ದು ಎಂದು ತಳ್ಳಿದೆ. ಹನ್ನೊಂದನೆಯ ದಿನ ಮಣ್ಣೂರಿನಿಂದ ಕಾಕಾ ತೀರಿಕೊಂಡ ಸುದ್ದಿ ಬಂತು.

ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಅಂಗಡಿಯ ಶಟರು ಅರ್ಧ ಎಳೆದು, ಡ್ರಾವರಿನ ಹಾಳೆ ತೆಗೆದು, ಮುಚ್ಚಿದ ಕಣ್ಣಿನ ಅಕ್ಷರಗಳನ್ನು ಮೂರು ದಿನ ಕೂತು ಮಾಡಿದೆ. ನನಗೆ ಗೊತ್ತಿದ್ದ ಅಂಗಡಿಗಳಿಗೆಲ್ಲ ಕಳಿಸಿದೆ. ಆ ಅಕ್ಷರದಲ್ಲಿ ಮೊದಲು ಅಚ್ಚಾದ ಹೆಸರು ಕಾಕಾನದೇ.

ಇನ್ನು ಉಳಿದದ್ದು ನನ್ನ ಬೋರ್ಡಿನ ಸಹಿ. ಸಂಜೆ ಸ್ಟೂಲು ಹತ್ತಿದೆ. ಆ ಕಣ್ಣು ನನ್ನನ್ನೇ ನೋಡುತ್ತಿತ್ತು. ಬಿಳಿ ಬಳಿದೆ, ಬ್ರಷ್ಷು ಕಪ್ಪಿಗೆ ಅದ್ದಿದೆ. ಮಷೀನಿಗೆ ಒಗ್ಗಿದ ಕೈ ನನ್ನದು. ರೆಪ್ಪೆಯ ಗೆರೆ ಸೊಟ್ಟಾಗಿ, ತುದಿಯಲ್ಲಿ ಬಣ್ಣ ಕೆಳಗೆ ಇಳಿಯಿತು. ಒರೆಸಲು ಹೋದರೆ ಇನ್ನಷ್ಟು ಕೆಡುತ್ತದೆ ಎಂದು ಹಾಗೇ ಬಿಟ್ಟು, "ಕಾಕಾ, ನಂಗ ಇಷ್ಟೇ ಬರ್ತದ್ರಿ" ಎಂದು ಅತ್ತುಬಿಟ್ಟೆ.

ಮರುದಿನ ಅಂಗಡಿ ತೆಗೆಯಲು ಬಂದವಳು ಕೀಲಿ ಹಿಡಿದುಕೊಂಡು ಹಾಗೇ ನಿಂತೆ. ಕೆಳಗಿಳಿದ ಬಣ್ಣ ಇರಲಿಲ್ಲ. ಸೊಟ್ಟಾಗಿದ್ದ ಗೆರೆ ಅಂದವಾಗಿ ಬಾಗಿತ್ತು, ಒಂದೇ ಉಸಿರಿಗೆ ಎಳೆದ ಹಾಗೆ.