ತಾವರೆ ಇಲ್ಲದೆ ಹೋದ ಗಾಡಿ

ಚಿತ್ರದುರ್ಗದಲ್ಲಿ ಚಂದ್ರವಳ್ಳಿಗೆ ಹೋಗುವ ದಾರಿಯ ಬದಿಗೆ ನಮ್ಮ ಅಪ್ಪನ ಗಾಡಿ ಕೆಲಸದ ಕೊಟ್ಟಿಗೆ ಇತ್ತು. ಅಲ್ಲಿ ಎರಡು ಬಗೆಯ ಗಾಡಿಗಳು ತಯಾರಾಗುತ್ತಿದ್ದವು. ಬಿ.ದುರ್ಗ, ತಾಳ್ಯದ ಕಡೆಯ ರೈತರು ಒಯ್ಯುವ ಹೊರೆ ಗಾಡಿಗಳ ನೊಗಕ್ಕೆ ಕಾದ ಕಬ್ಬಿಣದಿಂದ ಮೂರು ಗೆರೆ ಸುಡುತ್ತಿದ್ದರು. ಮಠದವರಿಗೂ ಸಾಹುಕಾರರಿಗೂ ಮಾಡುವ ಸವಾರಿ ಗಾಡಿಗಳ ಮುಂದಿನ ಹಲಗೆಗೆ ನಮ್ಮ ಕೊಟ್ಟಿಗೆಯ ಗುರುತಾಗಿ ಹಿತ್ತಾಳೆಯ ತಾವರೆ ಬಡಿಯುತ್ತಿದ್ದರು. ಆ ಗಾಡಿಗಳ ಮೆತ್ತೆ, ಪರದೆ ಹೊಲಿಯುವುದು ನನ್ನ ಕೆಲಸ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನಾನು. ಜಗಲಿಯಲ್ಲಿ ಅಯ್ಯನವರೊಬ್ಬರು ಮರಳಿನ ಮೇಲೆ ತೀಡಿಸಿದ ಅಕ್ಷರಗಳಷ್ಟೇ ನನ್ನ ಓದು.

ಅಪ್ಪನಿಗೆ ಲಕ್ವ ಹೊಡೆದ ಮೇಲೆ ಕೊಟ್ಟಿಗೆ ನನ್ನ ತಮ್ಮನ ಕೈಗೆ ಬಂತು. ಅಪ್ಪನ ಮಾತು ತೊದಲುತ್ತಿತ್ತು. ದಿನವೂ ಉಣಿಸುತ್ತಿದ್ದ ನನಗೊಬ್ಬಳಿಗೇ ಅದು ತಿಳಿಯುತ್ತಿತ್ತು. ಅವನ ಮಾತನ್ನು ಕೊಟ್ಟಿಗೆಗೆ ಮುಟ್ಟಿಸುತ್ತಿದ್ದವಳೂ ನಾನೇ.

ತಮ್ಮ ಎಂಟು ತಿಂಗಳು ಕೂತು ಒಂದು ಓಟದ ಗಾಡಿ ಕಟ್ಟಿದ. ಎತ್ತರದ ತೆಳು ಗಾಲಿ, ಇಬ್ಬರು ಕೂರುವಷ್ಟೇ ಹಲಗೆ, ಮೇಲೆ ಕಮಾನಿಲ್ಲ, ಮೆತ್ತೆಯಿಲ್ಲ. ಒಂದು ಕೈಯಲ್ಲಿ ಮುಂದಿನ ಮೂಕಿಮರ ಹಿಡಿದು ಎತ್ತಿದರೆ ಮೇಲೇಳುತ್ತಿತ್ತು. ಹಿರಿಯೂರಿನ ಹತ್ತಿ ವ್ಯಾಪಾರದ ಸಾಹುಕಾರರೊಬ್ಬರು ಅದನ್ನು ಓಡಿಸಿ ನೋಡಿ, ಧೂಳು ಮೆತ್ತಿದ ಮುಖದಲ್ಲೇ ನಗುತ್ತ ಇಳಿದರು.

“ಏನಪ್ಪ, ಜಿಂಕೆಗೆ ಗಾಲಿ ಕಟ್ಟೀಯಲ್ಲ! ತಾವರೆ ಬಡಿದು ಕೊಡು, ಒಯ್ತೀನಿ. ಇಂಥವೇ ಇನ್ನೂ ಮೂರು ಬೇಕು ನಮ್ಮೋರಿಗೆ. ತಾವರೆ ಇಲ್ದಿದ್ರೆ ಯಾವನೋ ಹುಡುಗಾಟಕ್ಕೆ ಮಾಡಿದ್ದು ಅಂತಾರೆ ಜನ.”

ತಮ್ಮ ನನ್ನ ಮುಖ ನೋಡಿದ. ತಾವರೆ ಬಿದ್ದರೆ ಇನ್ನು ಮುಂದೆ ಇಂಥ ಗಾಡಿಗಳನ್ನೇ ಕಟ್ಟಬೇಕೆಂಬುದು ಅವನ ಆಸೆ. ಹೊರೆ ಗಾಡಿ ಕೆತ್ತುತ್ತ ಮುದುಕನಾಗಲಾರೆ ಎಂದು ಎಷ್ಟೋ ಸಲ ಹೇಳಿದ್ದ.

“ಮಠದ ಅಯ್ಯನವ್ರು ಕುಂತ್ಕಳೋ ಗಾಡಿಗೂ ತಾವರೆ, ಈ ಹಾರೋ ಗಾಡಿಗೂ ತಾವರೆ ಅಂದ್ರೆ ಹೆಂಗಲೇ? ನಾಳೆ ಇದು ಮಗುಚಿ ಬಿದ್ರೆ ಸವಾರಿ ಗಾಡೀನೂ ಯಾರೂ ಕೇಳಲ್ಲ,” ಎಂದೆ.

“ತಾವರೆ ಅಂದ್ರೆ ಮೆಲ್ಲಗೆ ಹೋಗ್ತೈತೆ ಅಂತಲ್ಲಕ್ಕ, ಚೆನ್ನಾಗಿ ಕಟ್ಟೀವಿ ಅಂತ. ಇದಕ್ಕೆ ನಿನ್ನ ಮೆತ್ತೆ ಬೇಡಾಯ್ತು ಅಂತ ಸಿಟ್ಟೇನು?”

“ಹೋಗಲೇ, ನನಗ್ಯಾಕೆ ಸಿಟ್ಟು.”

ಸಿಟ್ಟು ಇತ್ತು. ಆಗ ಅದು ನನಗೇ ಸರಿಯಾಗಿ ಗೊತ್ತಿರಲಿಲ್ಲ.

“ಅಪ್ಪನ್ನ ಕೇಳ್ಕಂಡು ಬಾ. ಅಪ್ಪ ಹೆಂಗಂದ್ರೆ ಹಂಗೆ,” ಎಂದ ತಮ್ಮ.

ನಾನು ಒಳಗೆ ಹೋಗಿ ಕೇಳಿದೆ. ಹಿಂದಿನ ದಿನ ತಮ್ಮ ಇಲ್ಲದಾಗ ಆ ಗಾಡಿಯನ್ನು ಕಿಟಕಿಯ ಮುಂದೆ ತರಿಸಿ ನೋಡಿದ್ದ ಅಪ್ಪ ತಡಮಾಡದೆ ಹೇಳಿದ: “ಹಾಕ್ಲಿ.” ಮಾತು ತೊದಲಿದ್ದರೂ ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ನಾನು ಹೊರಗೆ ಬಂದು, “ಬೇಡ ಅಂತೆ. ಮೂರು ಗೆರೆ ಸುಡು ಅಂತೆ,” ಎಂದೆ.

ತಮ್ಮ ಎದುರಾಡಲಿಲ್ಲ. ಮೂರು ಗೆರೆಯನ್ನೂ ಸುಡಲಿಲ್ಲ. ಬರಿ ಹಲಗೆಯಲ್ಲೇ ಗಾಡಿ ಕೊಟ್ಟ. ಸಾಹುಕಾರರು ಬೆಲೆ ಇಳಿಸಿ ಒಯ್ದರು. ಉಳಿದ ಮೂರರ ಮಾತು ಎತ್ತಲಿಲ್ಲ. ಆ ಸಂಜೆ ಅಂಬಲಿ ಕುಡಿಸುವಾಗ ಅಪ್ಪ, ಹಾಕಿದನೇ ಎಂದು ಕೇಳಿದ. “ಹಾಕ್ದ. ಚೆಂದ ಕಾಣ್ತೈತೆ,” ಎಂದೆ. ಅಪ್ಪ ಸಮಾಧಾನದಿಂದ ಮಲಗಿಕೊಂಡ. ಮುಂದಿನ ಸುಗ್ಗಿಯ ಹೊತ್ತಿಗೆ ತೀರಿಕೊಂಡ.

ಗಾಡಿ ಮಗುಚಲಿಲ್ಲ. ಹಿರಿಯೂರಿನ ರಸ್ತೆಯಲ್ಲಿ ಅದನ್ನು ನೋಡಿದವರೆಲ್ಲ ಕಟ್ಟಿದವರು ಯಾರೆಂದು ಕೇಳಿದರಂತೆ. ಎರಡು ವರ್ಷದಲ್ಲಿ ಹೊಸದುರ್ಗದ ಬಡಗಿಗಳು ಅಂಥದೇ ಗಾಡಿ ಮಾಡಿ ತಮ್ಮ ಗುರುತು ಹಾಕಿ ಮಾರತೊಡಗಿದರು. ನಮ್ಮ ಕೊಟ್ಟಿಗೆಯಲ್ಲಿ ಮಾತ್ರ ಓಟದ ಗಾಡಿ ಮತ್ತೆ ಆಗಲಿಲ್ಲ. ತಮ್ಮ ಹೊರೆ ಗಾಡಿಗಳನ್ನು ಮಾಡಿದ. ಅಪ್ಪನಿಗೆ ತನ್ನ ಕೆಲಸ ಒಪ್ಪಿಗೆಯಾಗಲಿಲ್ಲ ಎಂದೇ ನಂಬಿದ್ದ.

ಒಂಬತ್ತು ವರ್ಷದ ಮೇಲೆ ತಮ್ಮನಿಗೆ ನಿಜ ಹೇಳಿದೆ. ಅವನು ಬಾಚಿಯಿಂದ ಗಾಲಿಯ ಮರ ಕೆತ್ತುತ್ತಿದ್ದ.

“ಅಪ್ಪ ಹಾಕ್ಲಿ ಅಂದಿದ್ನಾ?”

“ಹ್ಞೂಂ.”

“ನೋಡಿ ಅಂದ್ನಾ, ಹಂಗೇ ಅಂದ್ನಾ?”

“ಹಿಂದಿನ ದಿನ ನೀನಿಲ್ದಾಗ ಕಿಟಕೀಲಿ ನೋಡಿದ್ದ. ನೋಡೇ ಅಂದಿದ್ದು.”

ಅವನು ಬಾಚಿ ಕೆಳಗಿಟ್ಟು ಮೈಮೇಲಿನ ಚಕ್ಕೆ ಕೊಡವಿಕೊಂಡ. ಆಮೇಲೆ, “ಊಟಕ್ಕಿಕ್ಕು,” ಎಂದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಮನೆಯಿಂದ ಕಳಿಸಲೂ ಇಲ್ಲ. ಅವನ ಮಕ್ಕಳಿಗೆ ನಾನು ಈಗಲೂ ಅವರ ಅಜ್ಜ ಹೀಗೆನ್ನುತ್ತಿದ್ದ, ಹಾಗೆನ್ನುತ್ತಿದ್ದ ಎಂದು ಹೇಳುವುದುಂಟು. ಆಗ ಅವನು ಕೆಲಸ ನಿಲ್ಲಿಸಿ, ಸಿಟ್ಟಿಲ್ಲದೆ, ತಿಳಿದುಕೊಳ್ಳುವುದಕ್ಕಾಗಿಯೇ ಕೇಳುತ್ತಾನೆ:

“ನಿಜ್ವಾಗ್ಲೂ ಅಂದಿದ್ನೇನಕ್ಕ?”