ಕರೆಂಟ್ ಹೋದ ಮೇಲೆ ನಡೆದ ಮಗ್ಗ

ನಾನು ಸಮಾಜಶಾಸ್ತ್ರದ ಮೇಷ್ಟ್ರು. ದೆವ್ವ, ಶಕುನ, ಅಂತರ್ವಾಣಿಗಳನ್ನು ಜನ ಯಾಕೆ ನಂಬುತ್ತಾರೆ ಎಂದು ಪಾಠ ಹೇಳುವುದು ನನ್ನ ಕಸುಬು, ನಂಬುವುದಲ್ಲ. ಯಾರಾದರೂ “ನನಗೊಂದು ವಿಚಿತ್ರ ಅನುಭವ ಆಯ್ತು” ಎಂದು ಶುರುಮಾಡಿದರೆ, ಹಿಂದಿನ ರಾತ್ರಿ ಏನು ಉಂಡಿದ್ದಿರಿ ಎಂದು ಕೇಳುತ್ತಿದ್ದೆ. ಈಗ ನಾನೇ ಶುರುಮಾಡುತ್ತಿದ್ದೇನೆ. ಓದುಗರು ಅದೇ ಪ್ರಶ್ನೆ ಕೇಳಬಹುದು. ಜೋಳದ ರೊಟ್ಟಿ, ಝುಣಕ. ಅದರಲ್ಲಿ ಅಂಥ ಮಹಿಮೆಯೇನೂ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಬೋರಗಾಂವದ ಮಗ್ಗದ ಓಣಿಯಲ್ಲಿ ನಾವೊಂದು ಸಮೀಕ್ಷೆ ಮಾಡುತ್ತಿದ್ದೆವು. ಯಾವ ಮನೆಯ ಮಕ್ಕಳು ಶಾಲೆ ಬಿಡುತ್ತಾರೆ, ಆ ಮನೆಯಲ್ಲಿ ಯಾರಿಗೆ ಏನು ಕಾಯಿಲೆ, ಎರಡಕ್ಕೂ ಏನು ನಂಟು ಎಂಬುದು ವಿಷಯ. ಪ್ರಶ್ನೆಗಳನ್ನು ದೊಡ್ಡ ಊರಿನ ದೊಡ್ಡವರು ತಂಪು ಕೋಣೆಯಲ್ಲಿ ಕುಳಿತು ರಚಿಸಿದ್ದರು. ಓಣಿಯ ಮಗ್ಗಗಳೆಲ್ಲ ಕರೆಂಟಿನ ಪವರ್‌ಲೂಮುಗಳು; ಅವುಗಳ ಸದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ಸೂಕ್ಷ್ಮವಾಗಿ ಕೇಳತಕ್ಕದ್ದು ಎಂದು ಸೂಚನೆಯಿದ್ದ ಪ್ರಶ್ನೆಯನ್ನು ನಾನು ಹರಾಜು ಕೂಗಿದಂತೆ ಕೂಗಬೇಕು: “ಮನ್ಯಾಗ ಶೌಚಾಲಯ ಐತೇನ್ರೀ?” ಉತ್ತರ ಎದುರುಮನೆಯಿಂದ ಬರುತ್ತಿತ್ತು: “ಐತ್ರೀ, ಅದರಾಗ ನೂಲಿನ ಗಂಟು ತುಂಬ್ಯಾರ!”

ಬೇಸತ್ತು, ಕರೆಂಟ್ ಹೋದಾಗ ಮಾತ್ರ ಪ್ರಶ್ನೆ ಕೇಳುವುದೆಂದು ಗೊತ್ತುಮಾಡಿಕೊಂಡೆವು. ನಾನೂ ನನ್ನ ಸಹೋದ್ಯೋಗಿ, ನಿಪ್ಪಾಣಿಯ ಸುರೇಖಾ ಅವರೂ ಚಹಾದಂಗಡಿಯಲ್ಲಿ ಕಾಯುತ್ತ ಕೂರುವುದು. ಓಣಿ ಗಪ್ಪಾದ ಕೂಡಲೇ ಎದ್ದು ಓಡುವುದು. ಸಮಾಜವಿಜ್ಞಾನ ಹೀಗೆ ವಿದ್ಯುತ್ ಇಲಾಖೆಯ ಕೃಪೆಯಿಂದ ಮುನ್ನಡೆಯಿತು.

ಓಣಿಯ ತುದಿಯಲ್ಲಿ ಕಾಶವ್ವನ ಮನೆ. ಹೆಂಗಸಿಗೆ ದಮ್ಮಿನ ಕಾಯಿಲೆ, ನೂಲಿನ ಧೂಳು ಕುಡಿದು ಕುಡಿದು ಬಂದದ್ದು. ಮಗಳು ಸವಿತಾ ಹತ್ತನೇ ತರಗತಿ. ಹೆಂಡತಿಯ ಕೈಲಾಗದ ಮೇಲೆ ಮಗಳು ಶಾಲೆ ಬಿಟ್ಟು ಮಗ್ಗಕ್ಕೆ ನಿಲ್ಲಲಿ ಎಂದು ಗಂಡನ ಹಟ. ನಮ್ಮೆದುರೇ ಜಗಳ ನಡೆದಿತ್ತು.

“ಪರೀಕ್ಷಾ ಮುಗಿಯೂತನಾ ಮಗ್ಗ ನಾ ನಡಸ್ತೀನಿ. ಒಂದ್ ದಿನಾನೂ ನಿಲ್ಲಂಗಿಲ್ಲ, ಆತಿಲ್ಲ?” ಎಂದಳು ಕಾಶವ್ವ.

“ನಡಸ್ತಾಳಂತ! ನಿಂತ ಉಸಿರು ಬಿಡಾಕ ಬರಂಗಿಲ್ಲ,” ಎಂದ ಗಂಡ.

ಸವಿತಾ ಅವ್ವನಿಗೇ ಬೆದರಿಕೆ ಹಾಕಿದಳು. ಶಾಲೆ ಓಣಿಯ ಹಿಂದೆಯೇ ಇತ್ತು. “ಅವ್ವಾ, ನಮ್ಮ ಮಗ್ಗದ ಸಪ್ಪಳಾ ನನಗ ಗೊತ್ತಾಗ್ತೈತಿ. ಅದೊಂದ ನಿಂತ್ರ ಪೇಪರ್ ಬಿಟ್ಟ ಓಡಿ ಬರಾಕಿ.” ಗೊತ್ತಾಗುವಂಥದೇ. ಆ ಮಗ್ಗದ ಎಂಥದೋ ಭಾಗ ಸಡಿಲಾಗಿ, ಕುಂಟನ ನಡಿಗೆಯಂತೆ ಮೂರನೆಯ ಏಟು ತಡವಾಗಿ ಬೀಳುತ್ತಿತ್ತು.

ಗಣಿತ ಪರೀಕ್ಷೆಯ ದಿನ. ಗಂಡ ನೂಲು ತರಲು ಇಚಲಕರಂಜಿಗೆ ಹೋಗಿದ್ದ. ಹನ್ನೊಂದರ ಸುಮಾರಿಗೆ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಜನ ಬೀಡಿ ಹಚ್ಚಿಕೊಂಡು ಕಟ್ಟೆಗೆ ಬಂದು ಕೂತರು. ನಾನು ಮೊದಲ ಮನೆಯಲ್ಲಿ ಪೆನ್ನು ತೆಗೆದೆ. ಆಗ ಕೇಳಿಸಿತು: ಓಣಿಯ ತುದಿಯಿಂದ ಒಂದೇ ಒಂದು ಮಗ್ಗ, ಅದೇ ಕುಂಟು ಏಟು.

“ಯಾರದೋ ಜನರೇಟರ್ ಅದ ಅನಸ್ತದ,” ಎಂದೆ.

ಮನೆಯ ಯಜಮಾನ ನಕ್ಕ. “ಈ ಓಣ್ಯಾಗ ಜನರೇಟರ್? ಸಾಹೇಬ್ರ, ಬಲ್ಬ್ ಹೋದ್ರ ತರಾಕ ವಾರ ವಿಚಾರ ಮಾಡ್ತೀವಿ.”

“ಹಂಗಾರ ಆ ಸಪ್ಪಳ?”

“ಯಾವ ಸಪ್ಪಳ?”

ಸುರೇಖಾ ನನ್ನ ಮುಖ ನೋಡಿದರು. “ಸರ್, ಬಿಸಲಾಗ ಭಾಳ ತಿರಗೀರಿ. ಜರಾ ಕುಂಡ್ರಿ ನೋಡೂಣು.”

ನನಗೆ ರೇಗಿತು. ಅಷ್ಟು ಸ್ಪಷ್ಟವಾಗಿ ಕೇಳುವುದನ್ನು ಇಲ್ಲ ಎಂದರೆ ಯಾರಿಗೆ ರೇಗುವುದಿಲ್ಲ? ಅವರಿಗೆ ತೋರಿಸಿಯೇ ಬಿಡುತ್ತೇನೆಂದು ದಡದಡ ನಡೆದೆ. ಕಾಶವ್ವನ ಮನೆಯ ಬಾಗಿಲು ಬರಿದೇ ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಹೊಸ್ತಿಲು ದಾಟುವವರೆಗೂ ಸದ್ದು ಇತ್ತು. ದಾಟಿದೆ, ಇಲ್ಲ. ಮಗ್ಗ ನಿಂತಿತ್ತು. ಅದರ ಬುಡದಲ್ಲಿ ಕಾಶವ್ವ ಬಿದ್ದಿದ್ದಳು. ತುಟಿ ನೀಲಿಯಾಗಿತ್ತು.

ನಮ್ಮ ಬಾಡಿಗೆ ಜೀಪಿನಲ್ಲಿ ಹಾಕಿಕೊಂಡು ನಿಪ್ಪಾಣಿಯ ಆಸ್ಪತ್ರೆಗೆ ಹೋದೆವು. ಅಲ್ಲಿ ಒಬ್ಬರು ಆಮ್ಲಜನಕ ಹಚ್ಚಿದರು, ಇನ್ನೊಬ್ಬರು ಆಧಾರ್ ಕಾರ್ಡ್ ಕೇಳಿದರು. ಇಬ್ಬರಲ್ಲಿ ಮೊದಲನೆಯವರು ಬೇಗ ಬಂದದ್ದು ಆ ದಿನದ ಭಾಗ್ಯ. ಕಾಶವ್ವ ಉಳಿದಳು.

ಪರೀಕ್ಷೆ ಮುಗಿಸಿದ ಸವಿತಾಳನ್ನು ಓಣಿಯವರು ಕರೆತಂದರು. ಕರೆಂಟ್ ಹೋದ ಹೊತ್ತಿಗೇ ಅವ್ವ ಬಿದ್ದಿದ್ದಳೆಂದು ಹೇಳಿದೆ. ಹುಡುಗಿ ಅಳಲಿಲ್ಲ, ನನ್ನ ಮೇಲೆ ಹರಿಹಾಯ್ದಳು. “ಸುಳ್ಳ ಹೇಳಬ್ಯಾಡ್ರಿ ಸರ್! ಅವ್ವ ಯಾವಾಗ ಬಿದ್ಲು? ಮಗ್ಗ ಕಡೀ ತನಕಾ ನಡದಿತ್ತು. ಫ್ಯಾನ್ ನಿಂತ್ವು, ಎಲ್ಲಾರ ಮಗ್ಗ ನಿಂತ್ವು, ನಮ್ದೊಂದ ಕೇಳಸ್ತಿತ್ತು. ಅದಕ್ಕಂತ ನಾ ಪೂರಾ ಪೇಪರ್ ಬರದ್ನಿ.”

ಸುರೇಖಾ ನನ್ನನ್ನು ನೋಡಿದರು. ಈ ಸಲ ಬಿಸಿಲಿನ ಮಾತು ಎತ್ತಲಿಲ್ಲ.

ಅಂದಿನಿಂದ ನಾನು ಕಾರಣ ಹುಡುಕಿ ಸುಸ್ತಾಗಿದ್ದೇನೆ. ಇಡೀ ಊರಿನ ಲೈನೇ ಬಂದ್ ಆಗಿತ್ತು, ವಿಚಾರಿಸಿದ್ದೇನೆ. ದಿನವಿಡೀ ಕೇಳಿದ ಸದ್ದು ಕಿವಿಯಲ್ಲಿ ಉಳಿಯುತ್ತದೆ ಎಂದು ಒಬ್ಬ ಡಾಕ್ಟರ್ ಹೇಳಿದರು. ಉಳಿಯಲಿ, ಇಬ್ಬರ ಕಿವಿಯಲ್ಲಿ, ಎರಡು ಜಾಗದಲ್ಲಿ, ಅದೊಂದೇ ಮಗ್ಗ ಯಾಕೆ ಉಳಿಯಬೇಕು? ನಮ್ಮ ಸಮೀಕ್ಷೆಯ ದೊಡ್ಡವರಿಗೆ ಹೇಳಿದೆ. ಕ್ಷೇತ್ರಕಾರ್ಯದಲ್ಲಿ ನೀರು ಹೆಚ್ಚು ಕುಡಿಯಬೇಕೆಂದು ಉಪದೇಶಿಸಿದರು.

ಸವಿತಾ ಪಾಸಾಗಿ ನಿಪ್ಪಾಣಿಯ ಕಾಲೇಜಿಗೆ ಸೇರಿದ ಮೇಲೆ ಒಮ್ಮೆ ಕಾಶವ್ವನನ್ನೇ ಕೇಳಿದೆ. ಅವತ್ತು ಏನಾದರೂ ನೆನಪಿದೆಯೇ ಎಂದೆ.

“ಕರೆಂಟ್ ಹೋಗೂಕಿಂತ ಮೊದಲ ಬಿದ್ದಿದ್ನಿರಿ. ಕಣ್ಣ ಕಾಣ್ತಿದ್ದಿಲ್ಲ, ಬಾಯಿ ಬರ್ತಿದ್ದಿಲ್ಲ. ಒಂದ ಹೆದರಿಕಿ: ಮಗ್ಗ ನಿಂತ್ರ ಹುಡುಗಿ ಪೇಪರ್ ಬಿಟ್ಟ ಓಡಿ ಬರ್ತಾಳ. ನಿಲ್ಲಬ್ಯಾಡ, ನಿಲ್ಲಬ್ಯಾಡ ಅಂತ ಅದಕ್ಕ ಹೇಳ್ಕೋತ ಬಿದ್ದಿದ್ನಿ. ಮುಂದಿಂದು ನನಗ ಗೊತ್ತಿಲ್ರಿ.”

ಇಷ್ಟು ವರ್ಷ ಊರೂರು ತಿರುಗಿ ಜನರನ್ನು ಪ್ರಶ್ನೆ ಕೇಳಿಯೇ ಬದುಕಿದವನು ನಾನು. ಅವಳನ್ನು ಕೇಳಲು ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ಇನ್ನೂ ಹೊಳೆದಿಲ್ಲ.