ದೊಡ್ಡವರಿಗೆ ಫೋನು ಕೊಡು

ಪುಟ್ಟಕ್ಕನನ್ನು ಕಣ್ಣಿಂದ ನೋಡುವ ಮೊದಲು ನಾನು ಅವಳ ದನಿ ಕೇಳಿದ್ದೆ. ಆಗ ನಮ್ಮವರು ಇದ್ದರು. ನಮ್ಮದು ಗಾಜು ಕತ್ತರಿಸಿ ಕೊಡುವ ಅಂಗಡಿ. ಅವರು ಒಳಗೆ ಮೇಜಿನ ಮೇಲೆ ಗಾಜು ಮಲಗಿಸಿಕೊಂಡು ಗೀರು ಹಾಕುತ್ತಿದ್ದರು, ನಾನು ಮುಂದೆ ಕೂತು ಫೋನು ಎತ್ತುತ್ತಿದ್ದೆ. ನನ್ನ ಓದು ನಾಲ್ಕನೇ ಕ್ಲಾಸಿಗೇ ಮುಗಿದಿತ್ತು. ಆದರೆ ಯಾರಿಗೆ ಯಾವ ಅಳತೆ ಎಂಬುದು ಬರೆದುಕೊಳ್ಳದೆಯೇ ನೆನಪಿರುತ್ತಿತ್ತು.

ಒಂದು ಬೆಳಿಗ್ಗೆ ಫೋನು ಬಂತು. ಎಳೆ ಹುಡುಗಿಯ ದನಿ. "ತೆಳು ಗಾಜು, ಹತ್ತು ಇಂಚಿಗೆ ಹನ್ನೆರಡು, ಅರ್ಧ ಡಜನ್ ಬೇಕಿತ್ತು. ಅಂಚು ಕಿತ್ತಿರಬಾರದು."

"ಫೋನಲ್ಲಿ ಆಟ ಆಡಬಾರದು ಮರಿ," ಅಂದೆ. "ಅಮ್ಮನ ಕೈಗೆ ಕೊಡು."

"ಅಮ್ಮ ತೀರ್ಕೊಂಡು ಆರು ವರ್ಷ ಆಯ್ತು. ಇನ್ನು ಅಪ್ಪನ ಕೈಗೆ ಕೊಡು ಅಂತೀರ. ಅವರು ಸ್ನಾನಕ್ಕೆ ಹೋಗಿದಾರೆ. ನನಗೆ ಮೂವತ್ನಾಲ್ಕು. ಸಾಕಾ, ಇನ್ನೂ ಬೇಕಾ?"

ಏನು ಬಾಯಿ ಈ ಮಗುವಿಗೆ ಅಂದುಕೊಂಡೆ. ಅಳತೆ ಹೇಳಿದ ರೀತಿ ಮಾತ್ರ ಕಸುಬಿನವರದ್ದು, ಹಾಗಾಗಿ ಗಾಜು ಕತ್ತರಿಸಲು ಹೇಳಿದೆ.

ಮಧ್ಯಾಹ್ನ ಗಾಜಿಗೆಂದು ಬಂದವಳು ಬಾಗಿಲು ತುಂಬ ನಿಂತಳು. ಗಂಡಸರಿಗಿಂತ ಒಂದು ಕೈ ಎತ್ತರ, ಅಗಲ ಹೆಗಲು, ಕಿವಿಯ ಹತ್ತಿರ ಆಗಲೇ ನರೆಗೂದಲು, ಬೆರಳ ಸಂದಿಯಲ್ಲಿ ಒಣಗಿದ ಅಂಟು. ಬಾಯಿ ತೆರೆದಳು ನೋಡಿ, ಬೆಳಿಗ್ಗೆಯ ಅದೇ ಎಳೆ ದನಿ! ನಮ್ಮವರು ಗಾಜು ಬಿಟ್ಟು ಎದ್ದುಬಂದು, ಅವಳ ಬೆನ್ನ ಹಿಂದೆ ಯಾರಾದರೂ ಮಗು ನಿಂತಿದೆಯೇ ಎಂದು ಬಗ್ಗಿ ನೋಡಿದರು.

"ಹಿಂದೆ ಯಾರೂ ಇಲ್ಲ ಅಣ್ಣ. ಇರೋದು ನಾನೊಬ್ಬಳೇ," ಅಂದಳು.

ಅವರ ಕಿವಿ ಕೆಂಪಾಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅವಳೂ ನಕ್ಕಳು.

ಪಕ್ಕದ ಬೀದಿಯಲ್ಲಿ ಅಪ್ಪ ಮಗಳು ಫೋಟೋಗಳಿಗೆ ಕಟ್ಟು ಹಾಕುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಮನೆ. ಪುಟ್ಟಕ್ಕ ಎಂಬುದು ಬೀದಿಯವರು ಇಟ್ಟ ಹೆಸರು, ಕುಚೋದ್ಯಕ್ಕೆ. ಅಪ್ಪ ಕಡ್ಡಿಯಂಥ ಮನುಷ್ಯ, ನಾಲಿಗೆ ಮಾತ್ರ ಉಳಿಯಷ್ಟು ಚೂಪು. "ಇವಳಿಗೆ ಮೈ ಕೊಡುವಾಗ ದೇವರ ಕೈ ಧಾರಾಳವಾಗಿತ್ತು. ದನಿ ಕೊಡೋ ಹೊತ್ತಿಗೆ ಅವನ ಅಂಗಡಿ ಮುಚ್ಚೋ ಟೈಮಾಗಿತ್ತು," ಎಂದು ಗಿರಾಕಿಗಳ ಎದುರೇ ಹೇಳುತ್ತಿದ್ದ. ಮಗಳು ತಲೆ ಎತ್ತದೆ, ಮರದ ಪಟ್ಟಿಯ ಮೂಲೆ ಕೊಯ್ಯುತ್ತಾ, "ಮಿಕ್ಕ ದನಿಯನ್ನೆಲ್ಲ ನಿಮಗೇ ಕೊಟ್ಟುಬಿಟ್ಟ ಅಲ್ವಾ ಅಪ್ಪ," ಅನ್ನುತ್ತಿದ್ದಳು. ಕಟ್ಟು ಹಾಕುವ ಮೊದಲು ಫೋಟೋದಲ್ಲಿರುವವರು ಇದ್ದಾರೋ ಹೋಗಿದ್ದಾರೋ ಎಂದು ಅವಳು ಕೇಳಿ ತಿಳಿದುಕೊಳ್ಳುತ್ತಿದ್ದಳು. ಮರದ ಬಣ್ಣ ಆರಿಸುತ್ತಿದ್ದುದು ಅದಾದ ಮೇಲೆ.

ಎದುರಿಗೆ ಬಂದವರು ಒಂದು ಸಲ ಕಣ್ಣು ಕಣ್ಣು ಬಿಟ್ಟು, ಆಮೇಲೆ ಹೊಂದಿಕೊಳ್ಳುತ್ತಿದ್ದರು. ಕಾಟವೆಲ್ಲ ಫೋನಿನದ್ದು. ಬ್ಯಾಂಕಿಗೆ ಮಾಡಿದರೆ ದೊಡ್ಡವರಿಗೆ ಫೋನು ಕೊಡು. ಕರೆಂಟಿನ ಆಫೀಸಿಗೆ ಮಾಡಿದರೂ ಅದೇ ಮಾತು. ಹುಟ್ಟಿದ ತಾರೀಕು ಕೇಳುತ್ತಾರೆ, ಇವಳು ಹೇಳಿದರೆ, "ಅಮ್ಮಂದಲ್ಲ ಪುಟ್ಟಿ, ನಿಂದು ಹೇಳು" ಅನ್ನುತ್ತಾರೆ. ಗ್ಯಾಸಿನವನೊಬ್ಬ ಯಾವ ಕ್ಲಾಸು ಎಂದು ಕೇಳಿದ್ದಕ್ಕೆ, "ಎಲ್ಲ ಕ್ಲಾಸೂ ಮುಗಿಸಿ ಕೂತಿದೀನಿ, ಸಿಲಿಂಡರ್ ಕಳಿಸ್ತೀಯೋ ಇಲ್ವೋ?" ಎಂದು ಕೂಗಿದಳಂತೆ. ಅವನು ನಕ್ಕು ಇಟ್ಟುಬಿಟ್ಟ.

ನಮ್ಮವರು ತೀರಿಕೊಂಡು ನಾನು ಅಂಗಡಿ ಮುಚ್ಚಿದ ಮೇಲಿನ ಮಾತು. ಒಂದು ಮಧ್ಯಾಹ್ನ ಪುಟ್ಟಕ್ಕ ಚಪ್ಪಲಿಯಿಲ್ಲದೆ ನಮ್ಮ ಮನೆಗೆ ಓಡಿಬಂದಳು. ಅಪ್ಪ ಏಣಿಯಿಂದ ಬಿದ್ದು ಮಾತಾಡುತ್ತಿಲ್ಲ. ಆಸ್ಪತ್ರೆಯ ಗಾಡಿಗೆ ಫೋನು ಮಾಡಿದರೆ, "ಈ ನಂಬರಿಗೆ ತಮಾಷೆಗೆ ಮಾಡಬಾರದು ಕಂದಾ" ಎಂದು ಇಟ್ಟರಂತೆ. ಮತ್ತೆ ಮಾಡಿದರೆ ಬೈದರಂತೆ. ನಾನು ಫೋನು ತೆಗೆದುಕೊಂಡು ಎರಡು ಮಾತು ಆಡಿದೆ. ಗಾಡಿ ಬಂತು. ಮುದುಕ ಉಳಿದ.

ಮನೆಗೆ ಬಂದ ಮೇಲೆ ಅವನೇ ಕಟ್ಟಪ್ಪಣೆ ಮಾಡಿದ. "ಇನ್ಮೇಲೆ ದೊಡ್ಡ ವಿಷಯಕ್ಕೆಲ್ಲ ಗಾಜಿನಮ್ಮನೇ ಮಾತಾಡ್ಲಿ. ನೀನು ಪಕ್ಕದಲ್ಲಿ ಕೂತು ಹೇಳಿಕೊಡು." ಹೀಗೆ ನಾನು ಅವಳ ಬಾಯಿಯಾದೆ. "ಹಲೋ, ಕಟ್ಟಿನ ಅಂಗಡಿಯವರ ಮಗಳು ಮಾತಾಡ್ತಿರೋದು" ಎಂದು ಶುರು ಮಾಡಿದರೆ ಆ ಕಡೆಯವರು "ಹೇಳಿ ಮೇಡಂ" ಅನ್ನುತ್ತಿದ್ದರು. ನನ್ನನ್ನು ಅದುವರೆಗೆ ಯಾರೂ ಮೇಡಂ ಅಂದಿರಲಿಲ್ಲ. ಪುಟ್ಟಕ್ಕ ಪಕ್ಕದಲ್ಲಿ ಕೂತು ಬೆರಳಲ್ಲಿ, ಹುಬ್ಬಲ್ಲಿ ಹೇಳಿಕೊಡುವಳು. ಕೆಲಸಗಳು ಸಲೀಸಾಗಿ ಆದವು. ಆದರೆ ಫೋನು ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಿರಲಿಲ್ಲ.

ಅವಳಿಗೆ ನಲವತ್ತೆಂಟಾದ ವರ್ಷ ಅಪ್ಪನ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಆಸ್ಪತ್ರೆಗೆ ಸೇರಿಸಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ, ಡಾಕ್ಟರು ಮನೆಯವರ ಜೊತೆ ಮಾತಾಡುತ್ತಿದ್ದುದು ಫೋನಿನಲ್ಲೇ. ಹಾಗಾಗಿ ದಿನವೂ ಮಗಳಾಗಿ ನಾನೇ ಮಾತಾಡಿದೆ. ಸೇರಿದ ದಿನವೇ ಮುದುಕ ಮಗಳಿಗೆ ಒಂದೇ ಮಾತು ಹೇಳಿದ್ದ. "ನನ್ನನ್ನ ಕೊಯ್ಯಿಸಬೇಡ ಕಣೇ. ಕಿಟಕಿ ಪಕ್ಕದ ಮಂಚಕ್ಕೆ ಕರ್ಕೊಂಡು ಹೋಗು. ಇರೋಷ್ಟು ದಿನ ಅಂಗಡಿ ಸದ್ದು ಕೇಳ್ಕೊಂಡು ಇರ್ತೀನಿ."

ಒಂದು ಸಂಜೆ ಡಾಕ್ಟರು, "ನಾಳೆ ಆಪರೇಷನ್ ಇಟ್ಕೊಂಡಿದೀವಿ, ಒಪ್ಪಿಗೆ ತಾನೆ?" ಎಂದು ಕೇಳಿದರು. ಪಕ್ಕದಲ್ಲಿ ಪುಟ್ಟಕ್ಕ ಬೇಡವೆಂದು ತಲೆ ಆಡಿಸಿದಳು. ಡಾಕ್ಟರಿಗೆ ಬೇಡ ಅನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಮಾಡಿಸಿದರೆ ಒಳ್ಳೆಯದೇನೋ ಎಂದು ಒಳಗೊಳಗೆ ನನಗೂ ಇತ್ತು. "ಅದೂ... ಡಾಕ್ಟ್ರೇ..." ಎಂದು ತಡವರಿಸುತ್ತಿದ್ದಂತೆ ಅವಳು ಫೋನು ಕಿತ್ತುಕೊಂಡಳು.

"ಬೇಡ ಡಾಕ್ಟ್ರೇ. ಅಪ್ಪ ಬೇಡ ಅಂದಿದಾರೆ. ಮನೆಗೆ ಕರ್ಕೊಂಡು ಬರ್ತೀನಿ."

"ಯಾರಿದು? ಇಂಥ ಹೊತ್ತಲ್ಲಿ ಮಕ್ಕಳ ಕೈಗೆ ಫೋನು ಕೊಡಬೇಡಿ ಅಮ್ಮ," ಎಂದು ಆ ಕಡೆ ಇಟ್ಟುಬಿಟ್ಟರು.

ಪುಟ್ಟಕ್ಕ ಗೂಟದಿಂದ ಚೀಲ ತೆಗೆದುಕೊಂಡು, "ಅಕ್ಕ, ಏಳಿ," ಅಂದಳು.

ಆಸ್ಪತ್ರೆಯ ಕೌಂಟರಿನವನ ಮುಂದೆ ಅವಳು ತನ್ನ ಗುರುತಿನ ಕಾರ್ಡು ಇಟ್ಟು, ಅಪ್ಪನನ್ನು ಮನೆಗೆ ಕರೆದೊಯ್ಯಲು ಬಂದಿದ್ದೇನೆ ಅಂದಳು. ಅವನು ಕಾರ್ಡು ನೋಡಿದ, ಕತ್ತೆತ್ತಿ ಇವಳನ್ನು ನೋಡಿದ, ತಲೆ ಕೆರೆದುಕೊಂಡ. "ಕಾರ್ಡೇನೋ ಸರಿ ಇದೆ. ಆದ್ರೆ ಪೇಷಂಟಿನ ಮಗಳ ಜೊತೆ ನಾನೂ ಫೋನಲ್ಲಿ ಮಾತಾಡಿದೀನಿ. ಆ ದನಿ ನಿಮ್ಮದಲ್ಲ. ಮಗಳನ್ನೇ ಕರ್ಕೊಂಡು ಬನ್ನಿ."

ನನಗೆ ತಡೆಯಲಿಲ್ಲ. "ಇವಳೇ ಅಪ್ಪಾ ಮಗಳು! ನಾನು ಪಕ್ಕದ ಬೀದಿಯವಳು."

ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಹಾಂ, ಇದೇ ದನಿ! ನೀವೇ ಅಲ್ವಾ ಮಗಳು? ಮತ್ತೆ ಯಾಕಮ್ಮ ಸುಳ್ಳು ಹೇಳ್ತೀರ?"

"ಮುದುಕನಿಗೂ ನನಗೂ ಇರೋದು ಹದಿನಾರು ವರ್ಷ ವ್ಯತ್ಯಾಸ. ಮೀಸೆ ಬರೋ ಮೊದಲೇ ಹೆತ್ತನೇನಯ್ಯಾ ನನ್ನ?" ಅಂದೆ. ಬಾಯಿ ಬಿಟ್ಟಷ್ಟೂ ನಾನೇ ಮಗಳೆಂಬುದು ಅವನಿಗೆ ಖಾತ್ರಿಯಾಗುತ್ತ ಹೋಯಿತು. ಪುಟ್ಟಕ್ಕ ನನ್ನ ತೋಳು ಹಿಡಿದು, "ಅಕ್ಕ, ನೀವಿನ್ನು ಮಾತಾಡಬೇಡಿ," ಅಂದಳು.

ಗದ್ದಲ ಕೇಳಿ, ದಿನವೂ ಫೋನಲ್ಲಿ ಮಾತಾಡುತ್ತಿದ್ದ ಡಾಕ್ಟರಮ್ಮ ಹೊರಗೆ ಬಂದರು. ಪುಟ್ಟಕ್ಕ ಅವರ ಮುಂದೆ ಹೋಗಿ ನಿಂತಳು.

"ಇಷ್ಟು ದಿನ ನನ್ನ ಬದಲು ಇವರು ಮಾತಾಡಿದ್ರು. ನಾನು ಮಾತಾಡಿದ್ರೆ ಯಾರೂ ಕೇಳಲ್ಲ, ಅದಕ್ಕೆ. ಕಾರ್ಡು ಇಲ್ಲಿದೆ, ತಲೆಕೂದಲು ನಿಮ್ಮ ಕಣ್ಣೆದುರಿಗೇ ಇದೆ. ನನಗೆ ನಲವತ್ತೆಂಟು. ಇದಕ್ಕಿಂತ ದೊಡ್ಡೋಳಾಗೋಕೆ ನನ್ನ ಕೈಲಿ ಆಗಲ್ಲ ಡಾಕ್ಟ್ರೇ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ತಿರುಗಿ ನೋಡಲಿಲ್ಲ.

"ಸರಿ, ನಾನು ಮಗು ಅಂತಲೇ ಇಟ್ಕೊಳ್ಳಿ. ಒಳಗಿರೋರಿಗೆ ಎಂಬತ್ತು. ಬುದ್ಧಿ ನೆಟ್ಟಗಿದೆ. ಬೇಕೋ ಬೇಡವೋ ಅಂತ ಅವರನ್ನ ಒಂದು ಸಲ ಕೇಳಿದೀರಾ?"

"ಅಷ್ಟು ವಯಸ್ಸಾದೋರು... ನಾವು ಮನೆಯವರನ್ನೇ ಕೇಳೋದು," ಅಂದರು ಡಾಕ್ಟರಮ್ಮ.

"ನನ್ನ ವಯಸ್ಸು ಸಾಲದು, ಅಪ್ಪನ ವಯಸ್ಸು ಹೆಚ್ಚಾಯ್ತು. ಸರಿಯಾದ ವಯಸ್ಸು ನಿಮ್ಮದೊಂದೇನಾ?"

ಡಾಕ್ಟರಮ್ಮ ಕೌಂಟರಿನಿಂದ ಮುದುಕನ ಫೈಲು ತೆಗೆದುಕೊಂಡರು. ನೇರ ವಾರ್ಡಿಗೆ ನಡೆದರು, ನಾವು ಹಿಂದೆ ಹೋದೆವು. ಮುದುಕನ ಭುಜ ಮುಟ್ಟಿ ಎಬ್ಬಿಸಿ ಗಡ್ಡೆಯ ವಿಷಯ, ಆಪರೇಷನ್ ಮಾಡಿದರೆ ಏನು, ಮಾಡದಿದ್ದರೆ ಏನು, ಎಲ್ಲವನ್ನೂ ಬಿಡಿಸಿ ಹೇಳಿದರು. ಮುದುಕ ಪೂರ್ತಿ ಕೇಳಿದ.

"ನನ್ನ ಮಗಳು ಏನಂದ್ಲು?"

"ಬೇಡ ಅಂದ್ರು."

"ಮತ್ತೆ ನನ್ನನ್ನ ಯಾಕೆ ಎಬ್ಬಿಸಿದ್ರಿ ತಾಯಿ?" ಎಂದು ಮಗ್ಗುಲು ಬದಲಿಸಿದ.

ಮರುದಿನ ಅವನನ್ನು ಮನೆಗೆ ಕರೆತಂದೆವು. ಆಪರೇಷನ್ ಮಾಡಿಸಿದ್ದರೆ ಇನ್ನೊಂದಿಷ್ಟು ಕಾಲ ಇರುತ್ತಿದ್ದನೇನೋ ಎಂದು ಈಗಲೂ ಕೆಲವು ದಿನ ನನಗೆ ಅನ್ನಿಸುತ್ತದೆ. ಆದರೆ ತೀರ್ಮಾನ ನನ್ನದಾಗಿರಲಿಲ್ಲ. ಈಗ ನನಗೂ ಎಂಬತ್ತು ಹತ್ತಿರವಾಗಿದೆ. ಬ್ಯಾಂಕಿಗೆ ತಂಗಿಯ ಮಗಳ ಜೊತೆ ಹೋದರೆ ಕೌಂಟರಿನವರು ನನ್ನ ವಿಷಯವನ್ನು ಅವಳ ಹತ್ತಿರ ಕೇಳುತ್ತಾರೆ. ನಾನು ಅಲ್ಲೇ ನಿಂತಿರುತ್ತೇನೆ. ಪುಟ್ಟಕ್ಕ ಪಕ್ಕದಲ್ಲಿ ಕೂತು ನಾನು ಮಾತಾಡುವುದನ್ನು ಕೇಳಿಸಿಕೊಳ್ಳುತ್ತಿದ್ದಾಗ ಅವಳಿಗೆ ಹೇಗಾಗುತ್ತಿತ್ತು ಎಂಬುದು ಆಗ ಹೊಳೆಯುತ್ತದೆ.

ಮುದುಕ ಕಿಟಕಿ ಪಕ್ಕದ ಮಂಚದಲ್ಲಿ ಒಂದು ಬೇಸಿಗೆ ಕಳೆದ. ಅವನು ಹೋದ ಮೇಲೂ ಪುಟ್ಟಕ್ಕ ಕೆಲವು ವರ್ಷ ಇದ್ದಳು. ಎಲ್ಲ ಫೋನೂ ತಾನೇ ಮಾಡುವಳು, ಕಂದಾ ಪುಟ್ಟಿ ಅನ್ನಿಸಿಕೊಳ್ಳುವಳು, ಮತ್ತೆ ಮಾಡುವಳು. ನನ್ನ ಮನೆಗೆ ಬರುವಳು, ಹರಟೆ ಹೊಡೆಯುವಳು, ಕೆಲಸವೆಂದು ಏನನ್ನೂ ಕೇಳುತ್ತಿರಲಿಲ್ಲ. ಅವಳು ನನ್ನನ್ನು ಕೊನೆಯದಾಗಿ ಒಂದು ಉಪಕಾರ ಕೇಳಿದ್ದು ಅಪ್ಪ ಹೋದ ಬೆಳಿಗ್ಗೆ.

ಮುದುಕನ ಅಕ್ಕ ದೂರದ ಊರಿನಲ್ಲಿದ್ದಳು. ಕಿವಿ ಮಂದ. ಮೊದಲು ಅವಳಿಗೆ ತಿಳಿಸಬೇಕಿತ್ತು. ನಾನು ರೂಢಿಯಂತೆ ಫೋನಿಗೆ ಕೈ ಚಾಚಿದೆ. ಪುಟ್ಟಕ್ಕ ನನ್ನ ಕೈಯ ಮೇಲೆ ಕೈ ಇಟ್ಟಳು.

"ಬೇಡ ಅಕ್ಕ. ಇದನ್ನ ಅತ್ತೆಗೆ ನಾನೇ ಹೇಳ್ಬೇಕು."

"ಅವರಿಗೆ ಮೊದಲೇ ಕೇಳಿಸಲ್ಲ. ನಿನ್ನ ದನಿ ಯಾವುದೋ ಮಗೂದು ಅಂತ ಇಟ್ಟುಬಿಟ್ರೆ?"

"ಇಟ್ರೆ ಇನ್ನೊಂದು ಸಲ ಮಾಡ್ತೀನಿ."

ಅಷ್ಟರಲ್ಲಿ ಎದುರುಗಡೆ ತಗಡು ಬಡಿಯುವವರು ದಿನದ ಕೆಲಸ ಶುರು ಮಾಡಿದರು. ಢಣ ಢಣ ಸದ್ದು ಕೋಣೆಯನ್ನೆಲ್ಲ ತುಂಬಿತು. ಅವಳು ಕಿಟಕಿ ಮುಚ್ಚಿ ನೋಡಿದಳು, ಪ್ರಯೋಜನವಾಗಲಿಲ್ಲ. ಫೋನನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕ, ನೀವೊಂದು ಉಪಕಾರ ಮಾಡಿ. ಕೆಳಗೆ ಹೋಗಿ, ಸ್ವಲ್ಪ ಹೊತ್ತು ಸುತ್ತಿಗೆ ಕೆಳಗಿಡೋಕೆ ಅವರಿಗೆ ಹೇಳಿ ಬನ್ನಿ."